ಇಸಿಎಂ ಬದಲಾಯಿಸಿದ ಮೇಲೆ ಲಾರಿಯ ಸ್ಪೀಡೋಮೀಟರ್ ಸರಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಲಾರಿಗಳ ವೈರಿಂಗ್ ಮತ್ತು ಸ್ಕ್ಯಾನಿಂಗ್ ಕೆಲಸ ಮಾಡುತ್ತೇನೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಗಾಡಿಗಳೇ ಜಾಸ್ತಿ ಬರುತ್ತವೆ. ಕಾಫಿ, ಶುಂಠಿ, ಆಲೂಗಡ್ಡೆ, ಮರ ಹೊರುವ ಗಾಡಿಗಳು. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಬದಲಾಯಿಸಿಕೊಂಡವರು ವಾರದೊಳಗೆ ಫೋನ್ ಮಾಡುತ್ತಾರೆ. "ಅಣ್ಣ, ಗಾಡಿ ಚೆನ್ನಾಗಿ ಎಳೀತಿದೆ, ಆದ್ರೆ ಮೀಟರ್ ತಪ್ಪು ತೋರಿಸ್ತಿದೆ" ಅನ್ನುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇಂಜಿನ್ನಿನ ಕಂಪ್ಯೂಟರ್ ಬದಲಾಯಿಸಿದರೆ ಮೀಟರ್ ಯಾಕೆ ಕೆಡಬೇಕು?

ಮೀಟರ್ ಕೆಟ್ಟಿರುವುದಿಲ್ಲ. ಲೆಕ್ಕ ಕೆಟ್ಟಿರುತ್ತದೆ.

ಗೇರ್ ಬಾಕ್ಸಿನ ಹಿಂಭಾಗದಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದಲ್ಲಿ, ಸ್ಪೀಡ್ ಸೆನ್ಸರ್ ಕೂತಿರುತ್ತದೆ. ಶಾಫ್ಟ್ ಒಂದು ಸುತ್ತು ಬಂದರೆ ಅದು ಇಷ್ಟು ಪಲ್ಸ್, ಅಂದರೆ ಕರೆಂಟಿನ ಮಿಡಿತ, ಅಂತ ಕಳಿಸುತ್ತದೆ. ಅಷ್ಟೇ ಅದರ ಕೆಲಸ. ಕಿಲೋಮೀಟರ್ ಅಂದರೆ ಏನು ಅಂತ ಸೆನ್ಸರಿಗೆ ಗೊತ್ತಿಲ್ಲ. ಆ ಪಲ್ಸ್ ಎಣಿಸಿ ಅದನ್ನು ವೇಗ ಮಾಡುವುದು ಕಂಪ್ಯೂಟರ್. ಹಾಗೆ ಮಾಡಬೇಕಾದರೆ ಅದಕ್ಕೆ ಮೂರು ಸಂಗತಿ ಗೊತ್ತಿರಬೇಕು. ಶಾಫ್ಟಿನ ಒಂದು ಸುತ್ತಿಗೆ ಎಷ್ಟು ಪಲ್ಸ್, ಹಿಂದಿನ ಆಕ್ಸಲ್ಲಿನ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ರೇಷಿಯೋ ಎಷ್ಟು (ದೊಡ್ಡ ಕ್ರೌನ್ ಗೇರ್ ಒಂದು ಸುತ್ತು ಬರಲು ಶಾಫ್ಟಿನ ತುದಿಯ ಚಿಕ್ಕ ಪಿನಿಯನ್ ಗೇರ್ ಎಷ್ಟು ಸುತ್ತು ಬರಬೇಕು ಅನ್ನುವ ಲೆಕ್ಕ), ಟೈರ್ ಒಂದು ಸುತ್ತು ಉರುಳಿದರೆ ಗಾಡಿ ಎಷ್ಟು ಮುಂದೆ ಹೋಗುತ್ತದೆ.

ಹಳೆಯ ಇಸಿಎಂ ಒಳಗೆ ಈ ಮೂರೂ ನಿಮ್ಮ ಗಾಡಿಗೆ ತಕ್ಕಂತೆ ಇದ್ದವು. ಹೊಸದರಲ್ಲಿ ಕಂಪನಿಯವರು ಸುಮ್ನೆ ಒಂದು ಅಂಕಿ ತುಂಬಿ ಕಳಿಸಿರಬಹುದು. ಗುಜರಿಯಿಂದ ತಂದದ್ದಾದರೆ ಇನ್ಯಾರದೋ ಗಾಡಿಯ ಟೈರು, ಇನ್ಯಾರದೋ ಕ್ರೌನ್ ಅದರ ನೆನಪಿನಲ್ಲಿ ಇರುತ್ತದೆ.

ಎಲ್ಲ ಲಾರಿಗೂ ಹೀಗೇನಾ?

ಇಲ್ಲ. ಕೇಬಲ್ ಮೀಟರ್ ಇರುವ ಹಳೆಯ ಗಾಡಿಗೆ ಈ ತಲೆನೋವೇ ಇಲ್ಲ. ಕೆಲವು ಗಾಡಿಗಳಲ್ಲಿ ಸೆನ್ಸರಿನ ವೈರ್ ನೇರ ಮೀಟರಿಗೆ ಹೋಗುತ್ತದೆ, ಮೀಟರ್ ತಾನೇ ಲೆಕ್ಕ ಮಾಡಿ ಇಸಿಎಂಗೆ ತಿಳಿಸುತ್ತದೆ. ಅಲ್ಲಿ ಇಸಿಎಂ ಬದಲಾದರೂ ಮುಳ್ಳು ಸರಿಯಾಗೇ ಇರುತ್ತದೆ. ಇನ್ನು ಕೆಲವದರಲ್ಲಿ ಸೆನ್ಸರ್ ಇಸಿಎಂಗೆ ಹೋಗಿ, ಅಲ್ಲಿಂದ ಕ್ಯಾನ್ ವೈರಿನ ಮೂಲಕ ಮೀಟರಿಗೆ ವೇಗ ಬರುತ್ತದೆ. ಕ್ಯಾನ್ ಅಂದರೆ ಗಾಡಿಯ ಕಂಪ್ಯೂಟರುಗಳು ತಮ್ಮೊಳಗೆ ಮಾತಾಡಿಕೊಳ್ಳುವ ಎರಡು ವೈರಿನ ಜೋಡಿ. ಎಬಿಎಸ್‌ನ ಚಕ್ರದ ಸೆನ್ಸರಿನಿಂದ ವೇಗ ತೆಗೆದುಕೊಳ್ಳುವ ಗಾಡಿಗಳೂ ಇವೆ. ಎಬಿಎಸ್ ಅಂದರೆ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ.

ಆದ್ದರಿಂದ ಮೊದಲು ಆ ಮಾಡೆಲ್ಲಿನ ವೈರಿಂಗ್ ಚಿತ್ರ ನೋಡಿ, ಲೆಕ್ಕ ಮಾಡುವವರು ಯಾರು ಅಂತ ತಿಳಿದುಕೊಳ್ಳಬೇಕು. ಇದನ್ನು ಬಿಟ್ಟು ನೇರ ಸ್ಕ್ಯಾನರ್, ಅಂದರೆ ಇಸಿಎಂ ಒಳಗಿನ ಅಂಕಿ ಓದುವ ಯಂತ್ರ, ಹಾಕಿದರೆ ಇಡೀ ದಿನ ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ನಾಲ್ಕೈದು ಕಿಲೋಮೀಟರ್ ಹೆಚ್ಚು ಕಡಿಮೆ ತೋರಿಸಿದರೆ ಏನಾಯ್ತು? ಡ್ರೈವರಿಗೆ ಅಂದಾಜು ಇರಲ್ವಾ?

ಇದನ್ನು ಕೇಳಿದವರಿಗೆಲ್ಲ ನಾನು ಒಂದು ಘಟನೆ ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಲಾರಿಗೆ ಇಸಿಎಂ ಹಾಕಿದೆ. ಕ್ರೌನ್ ರೇಷಿಯೋ ಎಣಿಸಿ ನೋಡಲಿಲ್ಲ. ಅದೇ ಮಾಡೆಲ್ಲಿನ ಇನ್ನೊಂದು ಗಾಡಿಯ ಅಂಕಿ ಹಾಕಿ ಕಳಿಸಿಬಿಟ್ಟೆ. ಮೀಟರ್ ನೂರಕ್ಕೆ ಐದರಷ್ಟು ಕಡಿಮೆ ತೋರಿಸುತ್ತಿತ್ತು. 1000 ಕಿ.ಮೀ. ಓಡಿದರೆ ಮೀಟರಿನಲ್ಲಿ 950. ಡೀಸೆಲ್ ಮಾತ್ರ 250 ಲೀಟರೇ ಕುಡಿಯಿತು. ಲೀಟರಿಗೆ 4 ಕೊಡುತ್ತಿದ್ದ ಗಾಡಿ ಪುಸ್ತಕದಲ್ಲಿ 3.8ಕ್ಕೆ ಇಳಿಯಿತು. ಮಾಲೀಕರು ಡ್ರೈವರ್ ಡೀಸೆಲ್ ಕದಿಯುತ್ತಿದ್ದಾನೆ ಅಂದುಕೊಂಡರು. ಆ ಅಣ್ಣ ಹನ್ನೆರಡು ವರ್ಷ ಅದೇ ಮನೆಯ ಗಾಡಿ ಓಡಿಸಿದವರು. ಬೈಸಿಕೊಂಡು ಕೀ ಕೊಟ್ಟು ಮನೆಗೆ ಹೋದರು. ಗಾಡಿ ಬೇರೆ ಕೆಲಸಕ್ಕೆ ನನ್ನ ಹತ್ತಿರ ಬಂದಾಗ ನನಗೆ ತಪ್ಪು ಗೊತ್ತಾಯಿತು. ಮಾಲೀಕರ ಮುಂದೆ ನಿಂತು, ತಪ್ಪು ನನ್ನದು, ಅವರದಲ್ಲ ಅಂತ ಹೇಳಿ ಲೆಕ್ಕ ತೋರಿಸಿದೆ. ಅವರು ಡ್ರೈವರನ್ನು ವಾಪಸ್ ಕರೆದರು. ಆದರೆ ಆ ಒಂದು ತಿಂಗಳು ಅವರ ಮನೆಯಲ್ಲಿ ಹೇಗಿತ್ತೋ ಅನ್ನುವುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅವತ್ತಿನಿಂದ ಎಣಿಸದೆ, ಅಳೆಯದೆ ನಾನು ಯಾವ ಗಾಡಿಯನ್ನೂ ಹೊರಗೆ ಬಿಟ್ಟಿಲ್ಲ.

ಇನ್ನು ವೇಗದ ಮಾತು. ಮೀಟರ್ ಕಡಿಮೆ ತೋರಿಸುವುದು ಜಾಸ್ತಿ ತೋರಿಸುವುದಕ್ಕಿಂತ ಕೆಟ್ಟದ್ದು. ಶಿರಾಡಿ ಘಾಟಿಯಲ್ಲಿ ಲೋಡು ಹೊತ್ತು ಮಾರನಹಳ್ಳಿಯಿಂದ ಗುಂಡ್ಯದ ಕಡೆ ಇಳಿಯುವಾಗ ಡ್ರೈವರ್ ಮೀಟರ್ ನಂಬಿ ಗೇರ್ ಹಿಡಿಯುತ್ತಾನೆ. ಮಳೆ, ಮಂಜು ಇದ್ದರೆ ಕಣ್ಣಿನ ಅಂದಾಜು ಸುಳ್ಳಾಗುತ್ತದೆ. ಮೀಟರ್ ಸುಳ್ಳು ಹೇಳಬಾರದು.

ಮೀಟರ್ ಸೊನ್ನೆಯಲ್ಲೇ ನಿಂತಿದೆ. ಇದೂ ಸೆಟ್ಟಿಂಗ್ ಸಮಸ್ಯೆನಾ?

ಸಾಮಾನ್ಯವಾಗಿ ಅಲ್ಲ. ಸೆಟ್ಟಿಂಗ್ ತಪ್ಪಿದ್ದರೆ ಮುಳ್ಳು ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಆದರೆ ಏಳುತ್ತದೆ. ಏಳಲೇ ಇಲ್ಲ ಅಂದರೆ ಪಲ್ಸ್ ಬರುತ್ತಿಲ್ಲ, ಇಲ್ಲವೇ ಇಸಿಎಂನಲ್ಲಿ ವೇಗ ಎಲ್ಲಿಂದ ತೆಗೆದುಕೊಳ್ಳಬೇಕು ಅನ್ನುವ ಆಯ್ಕೆ ಬೇರೆ ಇದೆ. ಸೆನ್ಸರ್ ಅಂತ ಇರಬೇಕಾದ ಕಡೆ ಕ್ಯಾನ್ ಅಂತ ಇದ್ದರೆ, ಸೆನ್ಸರ್ ಎಷ್ಟು ಕೂಗಿದರೂ ಅದು ಕೇಳಿಸಿಕೊಳ್ಳುವುದಿಲ್ಲ.

ನಮ್ಮ ಕಡೆ ಮೊದಲು ನೋಡಬೇಕಾದ್ದು ಸೆನ್ಸರಿನ ಕಪ್ಲರ್, ಅಂದರೆ ವೈರ್ ಸಿಕ್ಕಿಸುವ ಜಾಗ. ಮಲೆನಾಡಿನ ಮಳೆ, ತೋಟದ ದಾರಿಯ ಕೆಸರು ಎರಡೂ ಅಲ್ಲೇ ಹೋಗಿ ಕೂರುತ್ತವೆ. ಪಿನ್ನು ಹಸಿರು ಕಟ್ಟಿರುತ್ತದೆ. ತೋಟದಲ್ಲಿ ದಿನಗಟ್ಟಲೆ ನಿಂತ ಗಾಡಿಯಾದರೆ ಇಲಿ ವೈರ್ ಕಡಿದಿದೆಯಾ ನೋಡಿ. ಮೂರು ವೈರಿನ ಸೆನ್ಸರ್ ಆದರೆ ಒಂದಕ್ಕೆ ಸಪ್ಲೈ, ಒಂದಕ್ಕೆ ಅರ್ಥ್, ಇನ್ನೊಂದು ಸಿಗ್ನಲ್. ಶಾಫ್ಟನ್ನು ನಿಧಾನಕ್ಕೆ ತಿರುಗಿಸಿದಾಗ ಸಿಗ್ನಲ್ ವೈರಿನ ವೋಲ್ಟೇಜ್ ಮೇಲೆ ಕೆಳಗೆ ಆಡಬೇಕು.

ಮೀಟರ್ ಸೊನ್ನೆ ಇದ್ದಾಗ ಪಿಕಪ್ ಕೂಡ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ. ವೇಗದ ಸಿಗ್ನಲ್ ಸಿಗದಿದ್ದರೆ ಆರ್‌ಪಿಎಂ ಒಂದು ಮಿತಿ ದಾಟದಂತೆ ತಡೆಯುವ ಸೆಟ್ಟಿಂಗ್ ಕೆಲವು ಇಂಜಿನ್ನುಗಳಲ್ಲಿದೆ. ಪಂಪು, ಇಂಜೆಕ್ಟರ್ ಬಿಚ್ಚುವ ಮೊದಲು ಇದನ್ನು ನೋಡಿ.

ಟೈರಿನ ಅಳತೆ ಹೇಗೆ ತೆಗೆಯುವುದು? ಟೈರ್ ಮೇಲೆ ಬರೆದಿರುವ ಸೈಜ್ ಸಾಲದಾ?

ಸಾಲದು. 295/90 ಆರ್ 20 ಟೈರನ್ನು ತೆಗೆದುಕೊಳ್ಳಿ. ಅಗಲ 295 ಮಿ.ಮೀ., ಅದರ ನೂರಕ್ಕೆ 90 ಪಕ್ಕದ ಎತ್ತರ, 20 ಇಂಚಿನ ರಿಮ್ಮು. ಲೆಕ್ಕ ಹಾಕಿದರೆ ವ್ಯಾಸ 1039 ಮಿ.ಮೀ. ಬರುತ್ತದೆ, ಸುತ್ತಳತೆ 3.26 ಮೀಟರ್. ಆದರೆ ಲೋಡು ಬಿದ್ದಾಗ ಟೈರ್ ಕೆಳಗೆ ಅಮುಕುತ್ತದೆ. ಸವೆದರೆ ಇನ್ನೂ ಚಿಕ್ಕದಾಗುತ್ತದೆ. 10.00 ಆರ್ 20 ಆದರೆ ಅಗಲಕ್ಕೂ ಎತ್ತರಕ್ಕೂ ಇಂಥ ಲೆಕ್ಕ ಹೆಸರಿನಲ್ಲೇ ಸಿಗುವುದಿಲ್ಲ.

ಉರುಳಿಸಿ ಅಳೆಯುವುದೇ ಒಳ್ಳೆಯದು. ಸಮತಟ್ಟು ಜಾಗ ಹುಡುಕಿ. ಗಾಳಿ ಸರಿಯಾಗಿ ತುಂಬಿಸಿ. ಸಾಧ್ಯವಾದರೆ ಲೋಡು ಇರುವಾಗಲೇ ಮಾಡಿ. ಎಳೆಯುವ ಆಕ್ಸಲ್ಲಿನ ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾಡಿಯನ್ನು ನಿಧಾನಕ್ಕೆ ಮುಂದೆ ಬಿಡಿಸಿ, ಕ್ಲೀನರ್ ಹುಡುಗ ಪಕ್ಕದಲ್ಲಿ ನಡೆಯುತ್ತಾ ಹತ್ತು ಸುತ್ತು ಎಣಿಸಲಿ. ಟೈರಿನಿಂದ ಒಂದು ಮಾರು ದೂರ ಇರಬೇಕು ಅಂತ ಅವನಿಗೆ ಮೊದಲೇ ಹೇಳಿ. ಹತ್ತನೆಯ ಸುತ್ತಿನಲ್ಲಿ ಗುರುತು ಕೆಳಗೆ ಬಂದಾಗ ನಿಲ್ಲಿಸಿ, ಟೇಪಿನಲ್ಲಿ ಅಳೆದು ಹತ್ತರಿಂದ ಭಾಗಿಸಿ. 32 ಮೀಟರ್ ಬಂದರೆ ಒಂದು ಸುತ್ತಿಗೆ 3.20. ಒಂದೇ ಸುತ್ತು ಅಳೆದರೆ ಒಂದು ಅಂಗುಲದ ತಪ್ಪೂ ದೊಡ್ಡದಾಗುತ್ತದೆ. ಹತ್ತು ಸುತ್ತಿನಲ್ಲಿ ಅದು ಹಂಚಿ ಹೋಗುತ್ತದೆ.

ಕ್ರೌನ್ ರೇಷಿಯೋ ಗೊತ್ತಿಲ್ಲ. ಹೌಸಿಂಗ್ ಬಿಚ್ಚಬೇಕಾ?

ಬೇಡ. ಮೊದಲು ಹೌಸಿಂಗ್ ಮೇಲಿನ ತಗಡಿನ ಪ್ಲೇಟ್ ಒರೆಸಿ ನೋಡಿ. ಆದರೆ ಅದನ್ನೂ ಪೂರ್ತಿ ನಂಬಬೇಡಿ. ಘಾಟಿಗೆ ಓಡಿಸುವ ಮಾಲೀಕರು ಏರಿಗೆ ಎಳೆಯಲಿ ಅಂತ ಕ್ರೌನ್ ಪಿನಿಯನ್ ಬದಲಾಯಿಸಿರುತ್ತಾರೆ. ಎರಡು ಕೈ ದಾಟಿದ ಮೇಲೆ ಆ ಸಂಗತಿ ಯಾರಿಗೂ ನೆನಪಿರುವುದಿಲ್ಲ.

ಎಣಿಸುವುದು ಸುಲಭ. ಎಳೆಯುವ ಆಕ್ಸಲ್ಲಿನ ಒಂದು ಕಡೆಯನ್ನು ಮಾತ್ರ ಜಾಕ್ ಕೊಟ್ಟು ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಅದಕ್ಕೂ ಮೊದಲು ಮುಂದಿನ ಚಕ್ರಗಳಿಗೆ ಮತ್ತು ನೆಲದ ಮೇಲಿರುವ ಹಿಂದಿನ ಚಕ್ರಕ್ಕೆ ಎರಡೂ ಬದಿಯಿಂದ ಅಡ್ಡ ಕೊಡಿ. ಈ ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಗೇರ್ ನ್ಯೂಟ್ರಲ್ಲಿನಲ್ಲಿ ಇರಬೇಕು. ಹಾಗಾಗಿ ಗಾಡಿ ನಿಂತಿರುವುದು ಆ ಅಡ್ಡದ ನಂಬಿಕೆಯಲ್ಲಿ ಮಾತ್ರ. ಇದರಲ್ಲಿ ಅವಸರ ಬೇಡ. ಡಿಫರೆನ್ಷಿಯಲ್ ಅಂದರೆ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು. ಅದಕ್ಕೆ ಲಾಕ್ ಇದ್ದರೆ ಅದು ಆಫ್ ಇರಲಿ.

ಈಗ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬರುತ್ತದೆ ಎಣಿಸಿ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಒಂದೇ ಚಕ್ರ ತಿರುಗುವಾಗ, ಆ ಚಕ್ರ ಎರಡು ಸುತ್ತು ಬಂದರೆ ಕ್ರೌನ್ ಒಂದು ಸುತ್ತು ಬರುತ್ತದೆ. ಅದು ಡಿಫರೆನ್ಷಿಯಲ್ಲಿನ ಗುಣ. ಆದ್ದರಿಂದ ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟಿನ ಸುತ್ತನ್ನು 10ರಿಂದ ಭಾಗಿಸಿ. ಶಾಫ್ಟ್ ಹತ್ತಿರ ಹತ್ತಿರ 61 ಮುಕ್ಕಾಲು ಸುತ್ತು ಬಂದರೆ ರೇಷಿಯೋ 6.17, ಅಂದರೆ ಪಿನಿಯನ್ನಿಗೆ 6 ಹಲ್ಲು, ಕ್ರೌನಿಗೆ 37. ಐವತ್ತೆಂಟೂವರೆ ಬಂದರೆ 7 ಮತ್ತು 41ರ ಜೋಡಿ, 5.86. ಹಲ್ಲಿನ ಲೆಕ್ಕ ಯಾವಾಗಲೂ ಪೂರ್ಣ ಸಂಖ್ಯೆ. ಹಾಗಾಗಿ ಎಣಿಕೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸರಿಯಾದ ಜೋಡಿ ಸಿಗುತ್ತದೆ.

ಲೆಕ್ಕ ಒಂದು ಸಲ ಬಿಡಿಸಿ ತೋರಿಸಿ.

ಟೈರ್ ಒಂದು ಸುತ್ತಿಗೆ 3.20 ಮೀಟರ್. ಹಾಗಾದರೆ ಒಂದು ಕಿಲೋಮೀಟರಿಗೆ 312.5 ಸುತ್ತು. ರೇಷಿಯೋ 6.17 ಆದರೆ ಶಾಫ್ಟ್ ಕಿಲೋಮೀಟರಿಗೆ ಸುಮಾರು 1927 ಸುತ್ತು. ಸೆನ್ಸರ್ ಸುತ್ತಿಗೆ 8 ಪಲ್ಸ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ 15,417 ಪಲ್ಸ್. ನಿಮ್ಮ ಗಾಡಿಯ ಸೆನ್ಸರಿನ ಅಂಕಿ ಬೇರೆ ಇರಬಹುದು, ಅದನ್ನು ಕಂಪನಿಯ ಪುಸ್ತಕದಲ್ಲಿ ನೋಡಿ ಅಥವಾ ಸೆನ್ಸರ್ ಓದುವ ಹಲ್ಲುಗಾಲಿಯ ಹಲ್ಲು ಎಣಿಸಿ.

ಅದೇ ಗಾಡಿಯಲ್ಲಿ ನಿಜವಾಗಿ ಇರುವುದು 5.86ರ ಕ್ರೌನ್ ಆಗಿದ್ದರೆ ಪಲ್ಸ್ ಬರುವುದು ಕಿಲೋಮೀಟರಿಗೆ 14,643 ಮಾತ್ರ. ಇಸಿಎಂ 15,417 ಬರಲಿ ಅಂತ ಕಾಯುತ್ತಾ ಕೂತಿರುತ್ತದೆ. ಗಾಡಿ ನಿಜವಾಗಿ 60ರಲ್ಲಿ ಹೋಗುವಾಗ ಮೀಟರ್ 57 ತೋರಿಸುತ್ತದೆ. ನಾನು ಆಗ ಮಾಡಿದ ತಪ್ಪು ಇದೇ.

ಕೆಲವು ಇಸಿಎಂಗೆ ಕಿಲೋಮೀಟರಿಗೆ ಎಷ್ಟು ಪಲ್ಸ್ ಅನ್ನುವ ಒಂದೇ ಅಂಕಿ ಕೊಟ್ಟರೆ ಸಾಕು. ಕೆಲವಕ್ಕೆ ಮೂರೂ ಬೇರೆ ಬೇರೆ ಕೊಡಬೇಕು. ಹಬ್ ರಿಡಕ್ಷನ್, ಅಂದರೆ ಚಕ್ರದ ಹಬ್ಬಿನಲ್ಲೇ ಇನ್ನೊಂದು ಗೇರ್ ಜೋಡಿ, ಇರುವ ಟಿಪ್ಪರ್ ಆದರೆ ಹಬ್ಬಿನ ರೇಷಿಯೋವನ್ನೂ ಗುಣಿಸಬೇಕು, ಮರೆಯಬೇಡಿ.

ಅಂಕಿ ಹಾಕಿದ ಮೇಲೆ ಎಲ್ಲಿ ಓಡಿಸಿ ನೋಡುವುದು?

ನಾನು ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೆದ್ದಾರಿ 75ರಲ್ಲಿ ಹೋಗುತ್ತೇನೆ. ರಸ್ತೆ ಅಗಲ, ತಿರುವು ಕಡಿಮೆ, ಆಕಾಶ ಬಯಲು. ಮೊಬೈಲಿನ ಜಿಪಿಎಸ್ ಅಲ್ಲಿ ನಂಬಿಕೆಗೆ ಯೋಗ್ಯ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಪರೀಕ್ಷೆ ಮಾಡಬೇಡಿ. ಮರಗಳ ಕೆಳಗೆ ಸಿಗ್ನಲ್ ಹಾರುತ್ತದೆ, ತಿರುವಿನಲ್ಲಿ ಜಿಪಿಎಸ್ ಅಡ್ಡದಾರಿ ಹಿಡಿದಂತೆ ದೂರ ಕಡಿಮೆ ತೋರಿಸುತ್ತದೆ. ಜತೆಗೆ ಅಲ್ಲಿ ಡ್ರೈವರಿನ ಕಣ್ಣು ರಸ್ತೆಯ ಮೇಲಿರಬೇಕು, ಅಂಕಿಯ ಮೇಲಲ್ಲ. ಬಯಲಿನಲ್ಲೂ ಅಷ್ಟೇ. ಮೊಬೈಲ್ ನೋಡಿ ಬರೆದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು.

ಮೊಬೈಲ್ ಬೇಡ ಅನ್ನುವವರಿಗೆ ಹಳೆಯ ದಾರಿ ಇದೆ. ಮುಳ್ಳು 60ರಲ್ಲಿ ಅಲುಗದೆ ನಿಲ್ಲಿಸಿ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ನೋಡಿ. 60 ಸೆಕೆಂಡು ಆಗಬೇಕು, ಎರಡು ಮೂರು ಹೆಚ್ಚಾದರೂ ಪರವಾಗಿಲ್ಲ. 57 ಸೆಕೆಂಡಿಗೇ ಬಂದರೆ ನೀವು 63ರಲ್ಲಿದ್ದೀರಿ. 3600ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಜವಾದ ವೇಗ. ಒಂದೇ ಕಲ್ಲನ್ನು ನಂಬಬೇಡಿ, ರಸ್ತೆ ಅಗಲ ಮಾಡುವಾಗ ಕಲ್ಲುಗಳು ಜಾಗ ಬದಲಾಯಿಸಿರಬಹುದು. ಐದಾರು ಕಲ್ಲು ನೋಡಿ.

ವೇಗಕ್ಕಿಂತ ದೂರ ಹೋಲಿಸುವುದೇ ಮೇಲು. ಮುಳ್ಳು ಅಲುಗುತ್ತದೆ, ಓಡಿದ ಕಿಲೋಮೀಟರ್ ತೋರಿಸುವ ಓಡೋಮೀಟರ್ ಅಲುಗುವುದಿಲ್ಲ. 20 ಕಿ.ಮೀ. ಓಡಿಸಿ ಓಡೋಮೀಟರಿನ ದೂರ, ಜಿಪಿಎಸ್ ದೂರ ಎರಡನ್ನೂ ಬರೆದುಕೊಳ್ಳಿ.

ವ್ಯತ್ಯಾಸ ಬಂದರೆ ಅಂಕಿ ಎಷ್ಟು ಬದಲಾಯಿಸಬೇಕು?

ಜಿಪಿಎಸ್ 20, ಮೀಟರ್ 19 ಅಂತ ಇಟ್ಟುಕೊಳ್ಳಿ. ಪಲ್ಸ್ ಲೆಕ್ಕದ ಇಸಿಎಂ ಆದರೆ ಹಳೆಯ ಅಂಕಿಯನ್ನು 19ರಿಂದ ಗುಣಿಸಿ 20ರಿಂದ ಭಾಗಿಸಿ. 15,417 ಇದ್ದದ್ದು 14,646 ಆಗುತ್ತದೆ. ಮೇಲೆ ಹಲ್ಲು ಎಣಿಸಿ ಬಂದ 14,643ಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಎರಡು ಬೇರೆ ದಾರಿಯಿಂದ ಒಂದೇ ಅಂಕಿ ಬಂದರೆ ನನಗೆ ಸಮಾಧಾನ.

ಟೈರಿನ ಸುತ್ತಳತೆ ಕೇಳುವ ಇಸಿಎಂ ಆದರೆ ಉಲ್ಟಾ. ಅಲ್ಲಿ 20ರಿಂದ ಗುಣಿಸಿ 19ರಿಂದ ಭಾಗಿಸಬೇಕು. ಇದನ್ನು ಅದಲು ಬದಲು ಮಾಡಿದರೆ ತಪ್ಪು ಎರಡರಷ್ಟಾಗುತ್ತದೆ. ಅಂಕಿ ಬದಲಾಯಿಸಿದ ಮೇಲೆ ತಪ್ಪು ಜಾಸ್ತಿ ಆಯಿತು ಅಂದರೆ ಆಗಿರುವುದು ಇದೇ.

ಅಂಕಿ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಾಕಿಡಿ. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಇಸಿಎಂ ಕೂಡ ಹೋಗಬಹುದು.

ಸರಿ ಮಾಡಿದ ಮೇಲೂ ಮೀಟರ್ ಜಿಪಿಎಸ್‌ಗಿಂತ ಎರಡು ಮೂರು ಜಾಸ್ತಿ ತೋರಿಸುತ್ತಿದೆ.

ಬಿಡಿ, ಅದು ಒಳ್ಳೆಯದೇ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಅನ್ನುವುದು ವಿಶ್ವಸಂಸ್ಥೆಯ ವಾಹನ ನಿಯಮ 39ರ ಮಾತು. ಜಾಸ್ತಿ ತೋರಿಸಲು ಒಂದು ಮಿತಿ ಕೊಟ್ಟಿದೆ. ಮುಳ್ಳನ್ನು ಹಾಗೆ ಬೇಕಂತಲೇ ಸ್ವಲ್ಪ ಮೇಲೆ ಇಡುತ್ತಾರೆ. ದೂರದ ಲೆಕ್ಕ ಸರಿಯಿದ್ದರೆ ಮುಳ್ಳನ್ನು ಮುಟ್ಟಬೇಡಿ.

ಸ್ಪೀಡ್ ಗವರ್ನರ್ ಇದರಿಂದ ಏನಾಗುತ್ತದೆ?

ಗವರ್ನರ್ ಅಂದರೆ ಗಾಡಿ ಒಂದು ವೇಗ ದಾಟದಂತೆ ತಡೆಯುವ ವ್ಯವಸ್ಥೆ. 2015ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾದ ಸರಕು ಲಾರಿಗಳಿಗೆ ಕೇಂದ್ರ ಮೋಟಾರು ವಾಹನ ನಿಯಮ 118ರ ಪ್ರಕಾರ 80ರ ಗವರ್ನರ್ ಬೇಕು. ಟ್ಯಾಂಕರ್, ಡಂಪರಿಗೆ 60. ಗವರ್ನರ್ ಇಸಿಎಂ ಒಳಗೇ ಇದ್ದರೆ ಅದು ಹಿಡಿಯುವುದು ಇಸಿಎಂ ಲೆಕ್ಕ ಹಾಕಿದ ವೇಗವನ್ನು, ನಿಜವಾದ ವೇಗವನ್ನಲ್ಲ. ನೂರಕ್ಕೆ ಐದು ಕಡಿಮೆ ತೋರಿಸುವ ಗಾಡಿ 84ರವರೆಗೂ ಓಡುತ್ತದೆ. ಜಾಸ್ತಿ ತೋರಿಸುವುದಾದರೆ 76ಕ್ಕೇ ಕಟ್ಟಿಹಾಕಿದಂತೆ ಆಗುತ್ತದೆ, ಡ್ರೈವರ್ ಇಂಜಿನ್ ಸರಿಯಿಲ್ಲ ಅನ್ನುತ್ತಾನೆ. ಟ್ಯಾಂಕರಿನ ಇಸಿಎಂ ತಂದು ಸರಕು ಲಾರಿಗೆ ಹಾಕಿದರೆ 60ರಲ್ಲೇ ನಿಂತು ಹೋಗಬಹುದು. ಮಿತಿ ತೆಗೆದುಬಿಡಿ ಅಂತ ಕೇಳುವವರಿದ್ದಾರೆ. ನಾನು ತೆಗೆಯುವುದಿಲ್ಲ. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಗೆ, ಹೋಗುವ ಮೊದಲು ಮೀಟರ್, ಗವರ್ನರ್ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಿ.

ಗುಜರಿಯ ಇಸಿಎಂ ಹಾಕಬಹುದಾ?

ಹಾಕಬಹುದು, ಹೊಂದುವುದಾದರೆ ಮಾತ್ರ. ಪೆಟ್ಟಿಗೆ ಒಂದೇ ಥರ ಕಂಡರೆ ಸಾಲದು. ಪಾರ್ಟ್ ನಂಬರ್, ಒಳಗಿನ ಸಾಫ್ಟ್‌ವೇರ್ ನಂಬರ್ ಎರಡೂ ನಿಮ್ಮ ಇಂಜಿನ್ನಿಗೆ ಸರಿಯಾಗಬೇಕು. ಬಿಎಸ್ ಅಂದರೆ ಗಾಡಿ ಬಿಡುವ ಹೊಗೆಗೆ ಸರ್ಕಾರ ಇಟ್ಟಿರುವ ಮಟ್ಟ. ಬಿಎಸ್ 4 ಇಸಿಎಂ ತಂದು ಬಿಎಸ್ 6 ಗಾಡಿಗೆ ಹಾಕುವ ಮಾತೇ ಬೇಡ. ಹೊಗೆ ಶುದ್ಧ ಮಾಡುವ ವ್ಯವಸ್ಥೆಯೇ ಬೇರೆ. ಇಂಜೆಕ್ಟರಿನ ಮೇಲೆ ಕೋಡ್ ಇರುವ ಇಂಜಿನ್ ಆದರೆ ಆ ಕೋಡುಗಳನ್ನೂ ಹೊಸದಾಗಿ ತುಂಬಬೇಕು.

ಒಂದು ಕಿವಿಮಾತು. ಹಳೆಯ ಇಸಿಎಂ ಪೂರ್ತಿ ಸತ್ತಿಲ್ಲ, ಸ್ಕ್ಯಾನರಿಗೆ ಇನ್ನೂ ಮಾತಾಡುತ್ತಿದೆ ಅಂದರೆ ಬಿಚ್ಚುವ ಮೊದಲೇ ಅದರ ಎಲ್ಲ ಅಂಕಿ ಓದಿ ಫೋಟೋ ತೆಗೆದಿಡಿ. ಆ ಹತ್ತು ನಿಮಿಷ ಮೇಲಿನ ಅರ್ಧ ಕೆಲಸ ಉಳಿಸುತ್ತದೆ.

ಓಡೋಮೀಟರಿನ ಕಿಲೋಮೀಟರ್ ಬದಲಾಗಿದೆ. ಅದನ್ನು ಹಳೆಯದಕ್ಕೆ ತರಬಹುದಾ?

ಒಟ್ಟು ಕಿಲೋಮೀಟರ್ ಮೀಟರಿನಲ್ಲೂ ಇರಬಹುದು, ಇಸಿಎಂನಲ್ಲೂ ಇರಬಹುದು. ಗಾಡಿ ನಿಜವಾಗಿ ಓಡಿದಷ್ಟಕ್ಕೆ ಸರಿ ಮಾಡುವುದು ತಪ್ಪಲ್ಲ. ಕಂಪನಿಯ ಉಪಕರಣದಲ್ಲಿ, ಸರ್ವಿಸ್ ಬಿಲ್ ಇಟ್ಟುಕೊಂಡು ಮಾಡಿಸಿ. ಅದರ ಹೆಸರಿನಲ್ಲಿ ಒಂದು ಲಕ್ಷ ಕಡಿಮೆ ಮಾಡಿಕೊಡಿ ಅಂದರೆ ಅದು ಮುಂದೆ ಗಾಡಿ ಕೊಳ್ಳುವವನಿಗೆ ಮಾಡುವ ಮೋಸ. ಸಾಲ ಮಾಡಿ ಹಳೆಯ ಲಾರಿ ಕೊಳ್ಳುವ ಹುಡುಗರನ್ನು ದಿನಾ ನೋಡುತ್ತೇನೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ ನನ್ನಿಂದ ಆಗುವುದಿಲ್ಲ.

ಟೈರ್ ಬದಲಾಯಿಸಿದಾಗೆಲ್ಲ ಮತ್ತೆ ಮಾಡಿಸಬೇಕಾ?

ಅದೇ ಸೈಜ್ ಆದರೆ ಬೇಡ. ಪೂರ್ತಿ ಸವೆದ ಟೈರಿಗೂ ಹೊಸದಕ್ಕೂ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಇರುತ್ತದೆ, ಅಷ್ಟು ಸಹಿಸಬಹುದು. ಅರ್ಧ ಸವೆದ ಟೈರಿನಲ್ಲಿ ಅಳತೆ ತೆಗೆದರೆ ಎರಡೂ ಕಡೆಗೆ ಸಮ ಬೀಳುತ್ತದೆ. ಸೈಜ್ ಬದಲಾದರೆ, ಕ್ರೌನ್ ಅಥವಾ ಗೇರ್ ಬಾಕ್ಸ್ ಬದಲಾದರೆ ಮಾತ್ರ ಮತ್ತೆ ಮಾಡಿಸಿ.

ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಹತ್ತಿರ ಏನು ಕೇಳಿ ಪಡೆಯಬೇಕು?

ಅಂಕಿಗಳನ್ನು. ತಾರೀಕು, ಅವತ್ತಿನ ಓಡೋಮೀಟರ್, ಟೈರ್ ಸೈಜ್ ಮತ್ತು ಅಳೆದ ಸುತ್ತಳತೆ, ಕ್ರೌನ್ ಪಿನಿಯನ್ ಹಲ್ಲು, ಸುತ್ತಿಗೆ ಪಲ್ಸ್, ಹೊಸ ಇಸಿಎಂನ ನಂಬರ್, 20 ಕಿಲೋಮೀಟರ್ ಪರೀಕ್ಷೆಯ ಫಲ. ನಾನು ಇದನ್ನು ಬಿಲ್ಲಿನ ಹಿಂದೆ ಬರೆದು ಕೊಡುತ್ತೇನೆ. ಬಿಲ್ಲು ಕಳೆದುಹೋಗುತ್ತದೆ ಅಂತ ಇನ್ನೊಂದು ಪ್ರತಿಯನ್ನು ಡ್ರೈವರ್ ಬಾಗಿಲಿನ ಒಳಬದಿಗೆ ಅಂಟಿಸುತ್ತೇನೆ. ನೀರು ಬೀಳದಂತೆ ಮೇಲೆ ಅಗಲದ ಟೇಪ್ ಹಾಕಿ. ಡ್ರೈವರಿಗೂ ಒಂದು ಸಲ ಓದಿ ಹೇಳಿ.